ಬಂದು ಇಳಿದ ಹಕ್ಕಿ

೧೨ ಜನವರಿ ೨೦೨೫, ಭಾನುವಾರ

ಡಾಕ್ಟರು ಹೇಳಿದ್ದು ಅಕ್ಷರಶಃ ನೆನಪಿದೆ. "ನಬಿಸಾಬ್ರ, ನಿಮ್ಮ ಬಿ.ಪಿ. ಮ್ಯಾಲೈತಿ. ಖುಷಿ ಆದ್ರೂ ಕೂಗಾಡ್ತೀರಿ, ಸಿಟ್ಟ ಬಂದ್ರೂ ಕೂಗಾಡ್ತೀರಿ. ಇನ್ನ ಮ್ಯಾಲೆ ಕೂಗಬ್ಯಾಡ್ರಿ, ಬರೀರಿ." ಜೀವನವಿಡೀ ಸರ್ಕಾರಿ ಬಸ್ಸಿನ ಹಾರನ್ ಒತ್ತಿದವನಿಗೆ ಎಂಥ ಔಷಧ! ಒಂದು ವಾರ ಈ ಡೈರಿಯನ್ನು ಮುಟ್ಟಿರಲಿಲ್ಲ. ಇವತ್ತು ಬರೆಯದಿದ್ದರೆ ಎದೆ ಒಡೆದುಹೋಗುತ್ತದೆ.

ಮಧ್ಯಾಹ್ನ ನಮ್ಮ ಮಾಳಿಗೆಯ ಮೇಲೆ ಒಂದು ಗಂಡು ಪಾರಿವಾಳ ಇಳಿಯಿತು. ಎಡಗಡೆಯೆಲ್ಲ ಇಟ್ಟಂಗಿ ಕೆಂಪು. ಬಲಗಡೆಯೆಲ್ಲ ಬೂದು ಬಣ್ಣ, ರೆಕ್ಕೆಯ ಮೇಲೆ ಎರಡು ಕರಿಪಟ್ಟಿ. ಎದೆಯ ನಡುವೆ ಯಾರೋ ಗೆರೆ ಎಳೆದಂತಿದೆ. ಈ ಇಂಡಿ ಊರಿನಲ್ಲಿ ಹುಟ್ಟಿ, ಇಲ್ಲೇ ಪಾರಿವಾಳ ಸಾಕುತ್ತ ಗಡ್ಡ ಬೆಳ್ಳಗಾದರೂ ಇಂಥ ಹಕ್ಕಿಯನ್ನು ನಾನು ಕನಸಿನಲ್ಲೂ ಕಂಡಿಲ್ಲ!

ಇಳಿಸಿದ್ದು ಸೊಸೆ ನಿಷತಳ ಹುಡುಗಿ. ಮಾಳಿಗೆಯಲ್ಲಿ ಓದುತ್ತ ಕುಳಿತಿದ್ದಳಂತೆ. ಹಕ್ಕಿ ಮೇಲೆ ಸುತ್ತು ಹಾಕುವುದನ್ನು ನೋಡಿ ಒಂದು ಹಿಡಿ ಜೋಳ ಚೆಲ್ಲಿ, ತಾನು ಗೋಡೆಗೆ ಆತುಕೊಂಡು ಅಲುಗಾಡದೆ ನಿಂತಿದ್ದಾಳೆ. ನಾನು ಹತ್ತಿ ಬರುವಷ್ಟರಲ್ಲಿ ಅದು ನಮ್ಮ ಹಕ್ಕಿಗಳ ನಡುವೆ ಕಾಳು ಹೆಕ್ಕುತ್ತಿತ್ತು. ನಾನು ಕೂಗಿದೆ. (ಇನ್ನೇನು ಮಾಡಲಿ!) ಪುಣ್ಯಕ್ಕೆ ಅದು ಹಾರಿಹೋಗಲಿಲ್ಲ.

ಕಾಲಿನಲ್ಲಿ ಸಾಕಿದವರ ಗುರುತಿನ ಬಳೆ ಇಲ್ಲ. ಆದರೂ ಮನಗೂಳಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಪಾರಿವಾಳದವರಿಗೆಲ್ಲ ಫೋನ್ ಮಾಡಿದೆ. ಯಾರೂ ನಮ್ಮದು ಅನ್ನಲಿಲ್ಲ. ಅಂದಿದ್ದರೂ ಏನಂತೆ? ನಮ್ಮ ಪಾರಿವಾಳದ ಮಂದಿಯಲ್ಲಿ ಒಂದೇ ಕಾಯ್ದೆ: ಬಂದು ಇಳಿದ ಹಕ್ಕಿ ಮಾಳಿಗೆಯವರದು. ಕೇಳಲು ಬಂದವರಿಗೆ ಚಹಾ ಕೊಡುತ್ತೇವೆ, ಹಕ್ಕಿ ಕೊಡುವುದಿಲ್ಲ.

ಇಳಕಲ್ ಸೀರೆಗೆ ಎರಡು ದಡಿ ಎರಡು ಬಣ್ಣ ಇದ್ದರೆ ಗಂಗಾ-ಜಮುನಾ ಅನ್ನುತ್ತಾರಲ್ಲ, ಅದೇ ಹೆಸರಿಟ್ಟೆ. ಗಂಡು ಹಕ್ಕಿಗೆ ಹೆಣ್ಣು ಹೆಸರೇ ಎಂದು ಮಗ ಮೆಹರಾಜ ನಕ್ಕ. ಸರಿ, ಜಮುನ್ಯಾ!

೧೫ ಜನವರಿ, ಬುಧವಾರ

ಸಿಂದಗಿಯಿಂದ ಬಸಂತರಾಯ ಬಂದಿದ್ದ. ಕಿರಾಣಿ ಅಂಗಡಿಯವನು, ನನ್ನ ಹಳೆಯ ಗೆಳೆಯ. ಪಾರಿವಾಳದ ಮಾತು ಬಂದರೆ ಮಾತ್ರ ಹಳೆಯ ವೈರಿ. ಸಂಕ್ರಾಂತಿಯ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕೊಡುವ ನೆಪ. ಕಣ್ಣೆಲ್ಲ ಮಾಳಿಗೆಯ ಕಡೆಗೆ.

ಜಮುನ್ಯಾನನ್ನು ಕೈಯಲ್ಲಿ ಹಿಡಿದು ತಿರುವಿ ತಿರುವಿ ನೋಡಿದ. ಹೊಟ್ಟೆ ಉರಿದದ್ದು ಮುಖದಲ್ಲೇ ಕಾಣುತ್ತಿತ್ತು.

"ಲೇ ನಬ್ಯಾ, ಹಕ್ಕಿ ಚಲೋ ಐತಿ. ಆದ್ರ ಇದರ ಮರಿ ಹಿಂಗ ಹುಟ್ಟಂಗಿಲ್ಲ."

"ಯಾಕ ಹುಟ್ಟಂಗಿಲ್ಲ? ಅಪ್ಪ ಹೆಂಗೋ ಮಗಾ ಹಂಗ. ರಕ್ತ ಮರೀತೈತೇನು?"

"ಹುಟ್ಟಿದ್ರ ನಮ್ಮ ಬಿಳೀ ಹೆಣ್ಣ ತಂದ ನಿನ್ನ ಗೂಡಿನಾಗ ಬಿಡ್ತೇನಿ."

ಆ ಬಿಳಿ ಹೆಣ್ಣು ಬೆಳಿಗ್ಗೆ ಹಾರಿದರೆ ಸಂಜೆಯವರೆಗೆ ಆಕಾಶದಲ್ಲಿ ಚುಕ್ಕೆಯಾಗಿ ನಿಲ್ಲುವಂಥದ್ದು. ಅದನ್ನು ಕೇಳಿ ಕೇಳಿ ನನ್ನ ಬಾಯಿ ಒಣಗಿದೆ. ತಡೆಯಲಾಗಲಿಲ್ಲ.

"ಹುಟ್ಟಲಿಲ್ಲಂದ್ರ ಈ ಹಕ್ಕಿನ ನಿಂದು! ಈದ್ ಹಬ್ಬದ ದಿನ ಬಂದ ಒಯ್ಯಿ!"

ಜೂಜಲ್ಲ. ಜೂಜು ನಮಗೆ ಹರಾಮು. ಇದು ಮಾತು. ಕೊಟ್ಟ ಮಾತು ಅಷ್ಟೇ.

ಹಕ್ಕಿಗಳಿಗೆ ನೀರು ತುಂಬುತ್ತಿದ್ದ ಹುಡುಗಿ ಕೊಡವನ್ನು ಅಲ್ಲೇ ಇಟ್ಟು ಕೆಳಗಿಳಿದು ಹೋದಳು. ಸಂಜೆ ಕೇಳಿದಳು: "ಕೇಳ್ರಿ, ಅದನ್ನ ಇಳಿಸಿದಾಕಿ ನಾನಲ್ಲೇನ್ರಿ?" ಅಜ್ಜಾ ಅಂತಲೂ ಇಲ್ಲ, ಮುತ್ಯಾ ಅಂತಲೂ ಇಲ್ಲ, ಅವಳು ನನ್ನನ್ನು ಏನೂ ಕರೆಯುವುದಿಲ್ಲ. ಎಲ್ಲಕ್ಕೂ "ಕೇಳ್ರಿ".

"ಮಾಳಿಗಿ ನಂದಲ್ಲೇನು?" ಅಂದೆ.

೧೯ ಜನವರಿ, ಭಾನುವಾರ

ಮಗ ಮೆಹರಾಜ ಕಳೆದ ವರ್ಷ ಮುದ್ದೇಬಿಹಾಳದ ನಿಷತಳನ್ನು ಮದುವೆಯಾದ. ಅವಳ ಮೊದಲ ಗಂಡ ತೀರಿಕೊಂಡಿದ್ದ. ಒಂಬತ್ತನೇ ತರಗತಿಯ ಮಗಳು ಇದ್ದಾಳೆ, ಮುಬೀನಾ. ನಿಷತ ಒಳ್ಳೆಯವಳು, ಸಾಲೋಟಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ನನಗೆ ತಕರಾರಿಲ್ಲ. ಆದರೆ ಹುಡುಗಿ ಪರೀಕ್ಷೆ ಮುಗಿದ ಮೇಲೆ ಮುದ್ದೇಬಿಹಾಳಕ್ಕೆ, ತನ್ನ ಕಾಕಾ, ಅಂದರೆ ಅಪ್ಪನ ತಮ್ಮ ಅಯೂಬನ ಮನೆಗೆ ಹೋಗಿ ಹತ್ತನೇ ತರಗತಿ ಓದಲಿ ಎಂದು ನಿಶ್ಚಯವಾಗಿದೆ. ನಿಶ್ಚಯ ಮಾಡಿದ್ದೂ ನಾನೇ. ಅವರ ರಕ್ತ ಅವರ ಮನೆಯಲ್ಲಿರುವುದು ಸರಿ. ನಿಷತ ಅವತ್ತು ಏನೂ ಅನ್ನಲಿಲ್ಲ.

ಇವತ್ತು ಮಾತ್ರ ಅಂದಳು! ನಾನು ಕೊಟ್ಟ ಮಾತು ಕೇಳಿ ಹಣೆಗೆ ಕೈ ಹಚ್ಚಿಕೊಂಡಳು.

"ಮಾವಾರ, ನೀವು ಸೋಲ್ತೀರಿ."

"ಹೆಂಗ?"

"ನಿಮ್ಮ ಮೊಣಕೈ ಮ್ಯಾಲೆ ಹೊಲಿಗಿ ಹಾಕಿದ ಗುರುತ ಐತಲ್ರಿ? ಅದು ನಿಮ್ಮ ಮಗಗ ಯಾಕ ಬರಲಿಲ್ಲ?"

"ಅದು ಬಸ್ಸಿನ ಬಾಗಿಲ ಬಡಿದದ್ದು. ಹಕ್ಕಿಗೆ ಯಾರ ಬಣ್ಣಾ ಬಡದಾರ?"

ಆಗ ಅವಳು ಮೇಷ್ಟರಾದಳು. ತತ್ತಿಯೊಳಗೆ ಮೊದಲು ಒಂದೇ ಜೀವಕಣ ಇರುತ್ತದಂತೆ. ಅದು ಒಡೆದು ಎರಡಾಗಿ, ನಾಲ್ಕಾಗಿ, ಇಡೀ ಹಕ್ಕಿ ಆಗುತ್ತದೆ. ಪ್ರತಿ ಸಲವೂ ಬಣ್ಣದ ಬರಹವನ್ನು ಹೊಸ ಕಣ ನಕಲು ಮಾಡಿಕೊಳ್ಳುತ್ತದೆ.

"ನಾನು ಬೋರ್ಡಿನ ಮ್ಯಾಲೆ ಬರೀತೇನ್ರಿ. ಒಬ್ಬ ಹುಡುಗ ತಪ್ಪ ಬರ್ಕೊಂತಾನ. ಅವನ ಹಿಂದ ಕುಂತವರು ಅವಂದ ನೋಡಿ ಅದ ತಪ್ಪ ಬರ್ಕೊಂತಾರ. ಜಮುನ್ಯಾನ ಬಲಗಡಿ ಹಂಗ ಆಗೇತಿ. ಆದ್ರ ಬೋರ್ಡ್ ಅಳಿಸಿಲ್ಲಲ್ರಿ! ಮರಿಗೋಳು ಬೋರ್ಡ್ ನೋಡಿ ಬರ್ಕೊಂತಾವ, ಆ ಹುಡುಗನ್ನ ನೋಡಿ ಅಲ್ಲ."

ಮೈಯಲ್ಲಿ ನಡುವೆ ಎಲ್ಲೋ ಆದ ತಪ್ಪು ಆ ಹಕ್ಕಿಯ ಜೊತೆಗೇ ಮುಗಿಯುತ್ತದಂತೆ. ಬೀಜದಲ್ಲೇ ಆದ ತಪ್ಪು ಮಾತ್ರ ಪೀಳಿಗೆಗೆ ಇಳಿಯುತ್ತದಂತೆ. ನಮ್ಮ ಅಪ್ಪ ತಂದಿದ್ದ ಜೋಡಿಯಿಂದ ಬಂದ ಹಕ್ಕಿಗಳಿಗೆಲ್ಲ ತಲೆಯ ಹಿಂದೆ ಜುಟ್ಟಿದೆಯಲ್ಲ, ಅದೂ ಎಂದೋ ಒಂದು ಹಕ್ಕಿಯ ಬೀಜದಲ್ಲಿ ಆದ ತಪ್ಪೇ ಅಂದಳು. ನಮ್ಮ ಅಪ್ಪನ ಜುಟ್ಟು ತಪ್ಪಂತೆ! ಎದ್ದು ಹೊರಟೆ. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಹುಡುಗಿ ಪಠ್ಯಪುಸ್ತಕ ತೆರೆದು ತೋರಿಸಿದಳು. "ಉತ್ಪರಿವರ್ತನೆ ಅಂತಾರ್ರಿ. ತಪ್ಪಂದ್ರ ಬೈಗಳ ಅಲ್ರಿ."

ನೋಡೋಣ. ಪುಸ್ತಕ ಬರೆದವರು ಪಾರಿವಾಳ ಸಾಕಿದ್ದಾರೆಯೇ?

೨ ಫೆಬ್ರವರಿ, ಭಾನುವಾರ

ತತ್ತಿ! ತತ್ತಿ! ನಮ್ಮ ಜುಟ್ಟಿನ ಬೂದು ಹೆಣ್ಣು ಜಮುನ್ಯಾನಿಗೆ ಒಲಿದು ಎರಡು ವಾರವಾಗಿತ್ತು. ಅವನು ಕೊರಳು ಉಬ್ಬಿಸಿ ಅವಳ ಸುತ್ತ ತಿರುಗುವ ಗತ್ತು ನೋಡಬೇಕು. ಮದುಮಗನೂ ಹಾಗೆ ಮೆರೆಯುವುದಿಲ್ಲ. ಮುಬೀನಾ ಬೇವಿನ ಕಡ್ಡಿ, ಕಸಬರಿಗೆಯ ಕಡ್ಡಿ ಆರಿಸಿ ಇಟ್ಟಿದ್ದಳು. ಒಂದೊಂದೇ ಒಯ್ದು ಗೂಡು ಕಟ್ಟಿದ. ಇವತ್ತು ಒಂದು ತತ್ತಿ. ನಾಡಿದ್ದು ಇನ್ನೊಂದು ಬರುತ್ತದೆ.

ಬಸಂತರಾಯನಿಗೆ ಫೋನ್ ಮಾಡಿ ಬಿಳಿ ಹೆಣ್ಣಿಗೆ ಬೀಳ್ಕೊಡುಗೆ ಊಟ ಹಾಕು ಅಂದೆ.

೯ ಫೆಬ್ರವರಿ, ಭಾನುವಾರ

ಇಂಥದ್ದನ್ನು ಇಷ್ಟು ವರ್ಷ ನೋಡದೇ ಹೇಗೆ ಬದುಕಿದ್ದೆ!

ಮುಬೀನಾ ನನ್ನನ್ನು ಮಾಳಿಗೆಯ ಕೋಣೆಗೆ ಕರೆದೊಯ್ದು, ಬಾಗಿಲು ಹಾಕಿ, ಕಂಬಳಿ ಹೊದ್ದುಕೊಳ್ಳಲು ಹೇಳಿದಳು. ಇಬ್ಬರೂ ಕಂಬಳಿಯೊಳಗೆ. ಹೊರಗೆ ಬಿಸಿಲು, ಒಳಗೆ ಗವ್ ಎನ್ನುವ ಕತ್ತಲೆ. ಮೊಬೈಲಿನ ಟಾರ್ಚ್ ಹಚ್ಚಿ ತತ್ತಿಯನ್ನು ಅದರ ಮೇಲೆ ಇಟ್ಟಳು. ತತ್ತಿಯೊಳಗೆ ದೀಪ ಹತ್ತಿತು! ಕೆಂಪು ನರಗಳು ಜೇಡನ ಕಾಲಿನಂತೆ ಹರಡಿದ್ದವು. ನಡುವೆ ಒಂದು ಚುಕ್ಕೆ ತುಡಿಯುತ್ತಿತ್ತು.

"ಅದು ಎದಿ ಬಡಿತ್ರಿ," ಅಂದಳು ಪಿಸುಮಾತಿನಲ್ಲಿ.

ನನಗೆ ಕೂಗಬೇಕೆನಿಸಿತು. ಕೂಗಿದರೆ ತತ್ತಿ ಬಿದ್ದೀತೆಂದು ಬಾಯಿಗೆ ಕಂಬಳಿ ತುರುಕಿಕೊಂಡೆ. ಅವಳು ನಕ್ಕಳು. ಈ ಹುಡುಗಿ ನಗುವುದನ್ನು ನಾನು ಕೇಳಿದ್ದು ಇದೇ ಮೊದಲು ಇರಬೇಕು. ದನಿ ದೊಡ್ಡದಿದೆ.

ಎರಡೂ ತತ್ತಿಯಲ್ಲಿ ಜೀವ ಇದೆ. ಎರಡರಲ್ಲಿ ಒಂದಾದರೂ ಎರಡು ಬಣ್ಣದ್ದು ಬರಲೇಬೇಕು.

೧೩ ಫೆಬ್ರವರಿ, ಗುರುವಾರ

ಮುಬೀನಾಗೆ ಜ್ವರ. ದವಾಖಾನೆ, ಎಳನೀರು. ಮೂಸಂಬಿ ಎಲ್ಲಿಯೂ ಸಿಗದೆ ಸ್ಟ್ಯಾಂಡಿನವರೆಗೆ ಹೋಗಿ ತಂದೆ. ಹಕ್ಕಿಗಳಿಗೆ ಮೆಹರಾಜ ಕಾಳು ಹಾಕಿದನೋ ಇಲ್ಲವೋ ಕೇಳಲಿಲ್ಲ.

೧೫ ಫೆಬ್ರವರಿ, ಶನಿವಾರ

ಜ್ವರ ಇಳಿಯಿತು.

೨೦ ಫೆಬ್ರವರಿ, ಗುರುವಾರ

ಒಡೆದವು! ಬೆಳಿಗ್ಗೆ ಒಂದು, ನಮಾಜು ಮುಗಿಸಿ ಬರುವಷ್ಟರಲ್ಲಿ ಇನ್ನೊಂದು. ಕಣ್ಣು ಮುಚ್ಚಿದ, ಕೊಕ್ಕೇ ದೊಡ್ಡದಾದ, ಕುರೂಪದ ಎರಡು ಮಾಂಸದ ಮುದ್ದೆಗಳು. ನನಗೆ ಅವೇ ಚಂದ. ಜಮುನ್ಯಾ ತನ್ನ ಗಂಟಲಿನಿಂದ ಹಾಲು ಉಣಿಸುತ್ತಾನೆ. ಗಂಡೂ ಹಾಲು ಉಣಿಸುವ ಪ್ರಾಣಿ ಇದೊಂದೇ ಇರಬೇಕು ಎಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಮುಬೀನಾ ಶಾಲೆಯಿಂದ ಬಂದವಳೇ ಚೀಲವನ್ನೂ ಇಳಿಸದೆ ಮೆಟ್ಟಿಲು ಹತ್ತಿದಳು. "ಮುತ್ಯಾ, ಸರೀರಿ ಸ್ವಲ್ಪ, ನನಗೂ ನೋಡಾಕ ಬಿಡ್ರಿ!" ಅಂತ ನನ್ನನ್ನೇ ತಳ್ಳಿದಳು. ಸರಿದೆ.

ಬಣ್ಣ ತಿಳಿಯಲು ಗರಿ ಬರಬೇಕು. ಇನ್ನೂ ಎರಡು ವಾರ. ಬಿ.ಪಿ. ಮಾತ್ರೆಯನ್ನು ಮರೆಯದೆ ತೆಗೆದುಕೊಳ್ಳುತ್ತಿದ್ದೇನೆ.

೨ ಮಾರ್ಚ್, ಭಾನುವಾರ

ರಂಜಾನಿನ ಮೊದಲ ರೋಜಾ. ಗರಿಯ ಮೊಳಕೆ ಹೊರಟಿವೆ, ಬಣ್ಣ ಇನ್ನೂ ಬಿಟ್ಟುಕೊಡುತ್ತಿಲ್ಲ. ನಸುಕಿನ ಸಹರಿ ಊಟಕ್ಕೆ ಎದ್ದವನು ಒಮ್ಮೆ, ಇಫ್ತಾರಿಗೆ ಮೊದಲು ಒಮ್ಮೆ ಹತ್ತಿ ನೋಡಿದೆ. ನಡುವೆ ಮುಬಿ ಹತ್ತು ಸಲ ಹತ್ತಿ ಇಳಿದು ಬಂದು ಸುದ್ದಿ ಹೇಳಿದಳು. ರೋಜಾ ಇದ್ದವಳು ಇಷ್ಟು ಓಡಾಡಬಾರದು ಎಂದು ನಾನೇ ಬೈಯಬೇಕಾಯಿತು.

೭ ಮಾರ್ಚ್, ಶುಕ್ರವಾರ

ಒಂದು ಮರಿ ಪೂರ್ತಿ ಇಟ್ಟಂಗಿ ಕೆಂಪು. ಇನ್ನೊಂದು ಪೂರ್ತಿ ಬೂದು, ಕರಿಪಟ್ಟಿ ಸಹಿತ.

ಬಸಂತರಾಯನಿಗೆ ಫೋನ್ ಮಾಡಿದೆ. "ಅರ್ಧ ಕೆಂಪ, ಅರ್ಧ ಬೂದು. ಬಿಳೀ ಹೆಣ್ಣ ತಗೊಂಡ ಬಾ!"

"ಒಂದ ಹಕ್ಕಿ ಮೈಮ್ಯಾಲೆ ಎರಡ ಬಣ್ಣ ಅದಾವೇನು?"

"ಎರಡ ಹಕ್ಕಿ ಮ್ಯಾಲೆ ಎರಡ ಬಣ್ಣ ಅದಾವ. ಲೆಕ್ಕ ಒಂದಲ್ಲೇನು?"

ಅವನು ನಕ್ಕ ನಗು ಸಿಂದಗಿಯಿಂದ ಫೋನ್ ಇಲ್ಲದೆಯೇ ಕೇಳಿಸುವಂತಿತ್ತು. ಸೋತೆ. ಸೋತೆ ಎಂದು ಬರೆಯುವಾಗ ಅಳು ಬರಬೇಕಿತ್ತು. ಆದರೆ ಮನೆಯಲ್ಲಿ ಜಾತ್ರೆಯೇ ಜಾತ್ರೆ! ನಿಷತ ಮರಿಗಳನ್ನು ನೋಡಿ ಚಪ್ಪಾಳೆ ತಟ್ಟಿಬಿಟ್ಟಳು. ಜಮುನ್ಯಾನಿಗೆ ತಂದೆ-ತಾಯಿಯಿಂದ ಕೆಂಪೂ ಬೂದೂ ಎರಡೂ ಬರಹ ಬಂದಿವೆಯಂತೆ. ಎರಡೂ ಇದ್ದರೆ ಕೆಂಪೇ ಕಾಣುತ್ತದಂತೆ. ಬಲಗಡೆಯ ಒಂದು ಕಣದಲ್ಲಿ ಕೆಂಪಿನ ಬರಹ ಕೆಟ್ಟು ಅಲ್ಲಿ ಬೂದು ಹೊರಬಿದ್ದಿದೆಯಂತೆ. ಮರಿಗಳಿಗೆ ಹೋದದ್ದು ಮಾತ್ರ ಕೆಡದ ಮೂಲ ಬರಹ. ಒಂದಕ್ಕೆ ಕೆಂಪು ಸಿಕ್ಕಿತು, ಒಂದಕ್ಕೆ ಬೂದು.

ಮರಿಗಳ ತಲೆ ಮುಟ್ಟಿ ನೋಡಿದೆ. "ನಮ್ಮಪ್ಪನ ಜುಟ್ಟೂ ಬರಲಿಲ್ಲಲ್ಲ!"

"ಒಳಗ ಅಡಗಿ ಕುಂತೈತ್ರಿ ಮಾವಾರ. ಮುಂದ ಮೊಮ್ಮಕ್ಕಳಿಗೆ ಬರಬಹುದು."

ಸಂಜೆ ಖರ್ಜೂರ ಬಾಯಿಗೆ ಹಾಕಿಕೊಂಡಾಗ ನನಗೆ ಪೂರ್ತಿ ತಿಳಿಯಿತು, ಅದೂ ನನ್ನದೇ ರೀತಿಯಲ್ಲಿ. ಬಾಗೇವಾಡಿ ಸ್ಟ್ಯಾಂಡಿನಲ್ಲಿ ನನ್ನ ಬಸ್ಸಿಗೆ ಡೆಂಟು ಬಿದ್ದರೆ ಅದು ಆ ಬಸ್ಸಿನದು. ಕಾರ್ಖಾನೆಯಿಂದ ಬರುವ ಹೊಸ ಬಸ್ಸಿಗೆ ಆ ಡೆಂಟು ಇರುವುದಿಲ್ಲ. ಕಾರ್ಖಾನೆಯ ನಕಾಶೆಯಲ್ಲೇ ಗೆರೆ ಸರಿದರೆ ಬರುವ ಬಸ್ಸೆಲ್ಲ ಹಾಗೇ. ಜುಟ್ಟು ನಕಾಶೆಯದು, ಜಮುನ್ಯಾನ ಬಣ್ಣ ಡೆಂಟು! ಗಟ್ಟಿಯಾಗಿ ಕೂಗಿ ಹೇಳಿದೆ. ನಿಷತ ಇದನ್ನು ತನ್ನ ತರಗತಿಯಲ್ಲಿ ಹೇಳುತ್ತಾಳಂತೆ.

"ಆದ್ರ ಮುತ್ಯಾ," ಅಂದಳು ಮುಬಿ, "ಡೆಂಟ ಬಿದ್ದ ಬಸ್ಸನ್ನ ನೀವು ಪ್ರೀತಿ ಮಾಡ್ಲಿಲ್ಲೇನು?"

ಮಾಡಿದ್ದೆ. ಅದೇ ಬಸ್ಸನ್ನು ಕೇಳಿ ಪಡೆಯುತ್ತಿದ್ದೆ.

೩೧ ಮಾರ್ಚ್, ಸೋಮವಾರ

ಈದ್. ಬಸಂತರಾಯ ಬಂದು ಶಾವಿಗೆಯ ಸುರಕುಂಬಾ ಕುಡಿದ. ಮಾತು ಮಾತೇ. ಜಮುನ್ಯಾನನ್ನು ಹಿಡಿದು ತಂದುಕೊಟ್ಟವಳು ಮುಬಿ. ಅತ್ತಿರಲಿಲ್ಲ. "ಬಲಗಡೀ ರೆಕ್ಕಿ ಮುಟ್ಟಿದ್ರ ಸಿಟ್ಟಿಗೇಳ್ತಾನ್ರಿ, ಎಡಗಡಿ ಹಿಡೀರಿ," ಎಂದಷ್ಟೇ ಹೇಳಿದಳು. ಬಸಂತರಾಯ ಇವತ್ತು ಗೇಲಿ ಮಾಡಲಿಲ್ಲ.

ಮರಿಗಳು ಹಾರಲು ಕಲಿತಿವೆ.

೬ ಏಪ್ರಿಲ್, ಭಾನುವಾರ

ಅಯೂಬ ಫೋನ್ ಮಾಡಿದ್ದ. ಮುಂದಿನ ಭಾನುವಾರ ಹುಡುಗಿಯನ್ನು ಕರೆದೊಯ್ಯಲು ಬರುತ್ತಾನೆ. ಸರಿ ಅಂದೆ. ನಿಶ್ಚಯ ಮಾಡಿದ್ದು ನಾನೇ ಅಲ್ಲವೇ. ಬಿಸಿಲು ಜಾಸ್ತಿ. ಊಟ ರುಚಿಸುತ್ತಿಲ್ಲ. ಮಾಳಿಗೆಗೆ ಹತ್ತಲು ಮೊಣಕಾಲು ನೋವು.

೧೩ ಏಪ್ರಿಲ್, ಭಾನುವಾರ

ಅಕ್ಷರ ಓಡುತ್ತಿವೆ, ಆದರೂ ಬರೆಯಬೇಕು!

ಅಯೂಬ ಬೆಳಿಗ್ಗೆಯೇ ಬಂದ. ಸಂಭಾವಿತ ಮನುಷ್ಯ. ಮುಬಿಯ ಚೀಲ ಕಟ್ಟಿ ಬಾಗಿಲಲ್ಲಿ ಇಟ್ಟಿತ್ತು. ನಿಷತ ಬುತ್ತಿ ಕಟ್ಟುತ್ತಿದ್ದಳು, ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಮುಬಿ ಮರಿಗಳನ್ನು ನೋಡಿ ಬರುತ್ತೇನೆ ಎಂದು ಮೇಲೆ ಹೋದಳು. ನಾನೂ ಹೋದೆ. ಮೊಣಕಾಲು ನೋವು ಎಲ್ಲಿ ಹೋಯಿತೋ.

ಅಷ್ಟರಲ್ಲಿ ಬಸಂತರಾಯನ ಫೋನು.

"ನಬ್ಯಾ, ನಿನ್ನ ಹಕ್ಕಿ ಗೂಡಿನಾಗ ಕಾಳ ಸರಿ ಮುಟ್ಟವಲ್ದು. ಗೋಡಿಗೆ ಮುಖಾ ಮಾಡಿ ಕುಂತ್ಬಿಡ್ತೈತಿ. ಮುಂಜಾನೆ ಬಾಗ್ಲಾ ತೆಗದ್ಬಿಟ್ಟೆ. ಎರಡ ಸುತ್ತ ಹಾಕಿ ನಿಮ್ಮ ಕಡೆ ಹೊಂಟೈತಿ. ಕೇಳಿಲ್ಲೆ, ನೀ ಕರೀಬ್ಯಾಡ, ಕಾಳ ಚೆಲ್ಲಬ್ಯಾಡ. ತಾನ ಇಳಿದ್ರ ನಿಂದು. ಇಳೀಲಿಲ್ಲಂದ್ರ ಯಾರದೂ ಅಲ್ಲ."

ಫೋನು ಇಡುವ ಮೊದಲೇ ಮುಬಿ ಬೆರಳು ತೋರಿಸಿದಳು. ಮಸೀದಿಯ ಕಡೆಯಿಂದ ಒಂದು ಹಕ್ಕಿ. ತಿರುಗಿದಾಗ ಕೆಂಪು, ಮತ್ತೆ ತಿರುಗಿದಾಗ ಬೂದು. ಜಮುನ್ಯಾ!

ಕರೆಯಬಾರದು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಮುಬಿ ಗೋಡೆಗೆ ಆತುಕೊಂಡು ಅಲುಗಾಡದೆ ನಿಂತಳು, ಮೊದಲ ದಿನ ನಿಂತಿದ್ದ ಜಾಗದಲ್ಲೇ. ಅದು ಸುತ್ತಿತು. ದೂರ ಹೋಯಿತು, ಹೋಗಿಯೇ ಬಿಟ್ಟಿತು ಅಂದುಕೊಂಡೆ. ತಿರುಗಿ ಬಂತು. ಕೆಳಗಿನಿಂದ ಅಯೂಬ, "ಬಸ್ಸಿನ ಟೈಮ್ ಆತ್ರಿ, ಮುಬೀನಾ ಬಾರವ್ವಾ," ಎಂದು ಕೂಗಿದ. ಅವಳು ಅಲುಗಾಡಲಿಲ್ಲ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ, ಹಕ್ಕಿ ಬೆದರೀತೆಂದು.

ಜಮುನ್ಯಾ ರೆಕ್ಕೆ ಮಡಚಿ ಇಳಿದ. ನೇರ ಅವಳ ಕಾಲ ಬಳಿ. ನಡೆದುಕೊಂಡು ತನ್ನ ಗೂಡಿಗೆ ಹೋದ, ಏನೂ ಆಗಿಲ್ಲವೆಂಬಂತೆ.

ನಾನು ಕೂಗಿದೆ. ಡಾಕ್ಟರು ಬೇಕಾದರೆ ಬಂದು ಹಿಡಿಯಲಿ! ಕೂಗುತ್ತಲೇ ಮಾಳಿಗೆಯ ಅಂಚಿಗೆ ಬಂದು ಕೆಳಗೆ ಬಾಗಿದೆ.

"ಅಯೂಬಸಾಬ್ರ, ಹುಡುಗಿ ಬರಂಗಿಲ್ರಿ!"

"ಯಾಕ್ರಿ? ಏನಾತ್ರಿ?"

"ಇದು ಪಾರಿವಾಳದವರ ಮನಿ ಐತ್ರಿ. ನಮ್ಮ ಮಾಳಿಗಿ ಮ್ಯಾಲೆ ಬಂದ ಇಳಿದದ್ದು ನಮ್ಮದು!"

ಅಯೂಬ ಕಕ್ಕಾಬಿಕ್ಕಿಯಾಗಿ ನಿಷತಳ ಕಡೆ ನೋಡಿದ. ಅವಳು ಬುತ್ತಿ ಕೈಯಲ್ಲಿ ಹಿಡಿದೇ ಅಂಗಳಕ್ಕೆ ಬಂದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬಿಸಿಲಿಗೆ ಇರಬೇಕು. ಅಯೂಬ ಸಮಾಧಾನದಿಂದ ತಲೆ ಎತ್ತಿ ಕೇಳಿದ: "ಆಕಿ ಮನಸ್ಸಿನಾಗ ಏನೈತಿ ಕೇಳ್ರಿ."

ನಾನು ಕೇಳುವ ಮೊದಲೇ ಮುಬಿ ನನ್ನ ಪಕ್ಕದಲ್ಲಿ ಬಾಗಿದ್ದಳು. "ಮುತ್ಯಾ ಹೇಳಿದ್ದ ಖರೇರಿ ಕಾಕಾ!" ಅವಳ ದನಿ ನನ್ನ ದನಿಗಿಂತ ಜೋರಾಗಿತ್ತು. ಓಣಿಯವರೆಲ್ಲ ಹೊರಗೆ ಬಂದರು.

ಹಾಗೇಕೆ ಅಂದೆನೋ ಗೊತ್ತಿಲ್ಲ. ಮರಿಗಳನ್ನು ನೋಡಿಕೊಳ್ಳುವವರು ಬೇಕಲ್ಲ, ಅದಕ್ಕೇ ಇರಬೇಕು. ನಾಳೆ ಗೂಡಿನ ಬಾಗಿಲಿಗೆ ಇನ್ನೊಂದು ಕೀಲಿ ಮಾಡಿಸಬೇಕು, ಅವಳ ಕೈಯಲ್ಲೂ ಒಂದಿರಲಿ.

ಅಯೂಬನಿಗೆ ಚಹಾ ಕೊಟ್ಟು ಕಳಿಸಿದೆವು.